60 ದಾಟಿದರೆ ನಡುಗುವ ಜೀಪು

ನಡುಗುತ್ತದೆ ಅಂತ ಗಾಡಿ ಬಂದರೆ ನಾನು ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ, ನೀರಿನ ಪೈಪು ಹಿಡಿಯುತ್ತೇನೆ. ಸಂಡೂರು ಕಡೆ ಮಳೆಯಲ್ಲಿ ಓಡಾಡಿದ ಗಾಡಿಯ ರಿಮ್ ಒಳಗೆ ಕೆಂಪು ಕೆಸರು ಮೆತ್ತಿಕೊಂಡು ಒಣಗಿರುತ್ತದೆ. ಅದರಲ್ಲಿ ಅದಿರಿನ ಪುಡಿ ಸೇರಿರುವುದರಿಂದ ತೂಕ ಜಾಸ್ತಿ. ಒಂದು ಹಿಡಿಯಷ್ಟು ಒಂದೇ ಕಡೆ ಕೂತರೂ ಚಕ್ರದ ಬ್ಯಾಲೆನ್ಸ್ ಕೆಡುತ್ತದೆ. ಎಷ್ಟೋ ಗಾಡಿಗಳ ನಡುಕ ನೀರಲ್ಲೇ ಹರಿದು ಹೋಗಿದೆ.

ಈ ಜೀಪಿನದು ಹೋಗಲಿಲ್ಲ. ಹಳೆ ಫೋರ್ ವೀಲ್ ಡ್ರೈವ್, ಮುಂದಿನ ಹಬ್ (ಚಕ್ರದ ನಡುಭಾಗ) ಕೈಯಲ್ಲಿ ತಿರುಗಿಸಿ ಲಾಕ್ ಮಾಡುವಂಥದ್ದು, ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರ ಎಂಜಿನ್ ಕಡೆಗೆ ಕೂಡಿಕೊಳ್ಳುತ್ತದೆ. ತಂದ ಹುಡುಗ ಸಾಕಾಗಿ ಹೋಗಿದ್ದ.

"ಅಣ್ಣಾ, 60 ದಾಟಿದ್ರೆ ಸಾಕು, ಸೀಟಿನ ಕೆಳಗೆ ಮಿಕ್ಸಿ ಇಟ್ಟಂಗಾಗುತ್ತೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲಾ ಮಾಡಿಸ್ದೆ. ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೊಸವು. ಇನ್ನೇನ್ ಬದ್ಲಾಯಿಸ್ಲಿ?"

"ಏನೂ ಬೇಡಪ್ಪಾ, ಕೀ ಕೊಡು" ಅಂದೆ.

ಮಿಕ್ಸಿ ಅಂದನಲ್ಲ, ಅರ್ಧ ಉತ್ತರ ಅದರಲ್ಲೇ ಇತ್ತು. ಸ್ವಲ್ಪ ಲೆಕ್ಕ ಹಾಕಿ. ಜೀಪಿನ ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಓಡುತ್ತದೆ. 72 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 20 ಮೀಟರ್, ಅಂದರೆ ಚಕ್ರ 9 ಸುತ್ತು. ಚಕ್ರದ ತೊಂದರೆಯಾದರೆ ಸೆಕೆಂಡಿಗೆ 9 ಕುಲುಕು, ದಡದಡ ಅಂತ ಗೊತ್ತಾಗುತ್ತದೆ. ಮುಂದಿನದಾದರೆ ಸ್ಟೇರಿಂಗ್‌ಗೇ ಬರುತ್ತದೆ. ಇನ್ನು ಎಂಜಿನ್ನಿನ ಶಕ್ತಿಯನ್ನು ಚಕ್ರದ ಆ್ಯಕ್ಸಲ್‌ಗೆ ಒಯ್ಯುವ ಉದ್ದ ಕೊಳವೆ, ಪ್ರೊಪೆಲ್ಲರ್ ಶಾಫ್ಟ್. ಇದರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು. ಚಕ್ರದ ಒಂದು ಸುತ್ತಿಗೆ ಅದು ಎಷ್ಟು ಸುತ್ತು ಅನ್ನುವುದೇ ಕ್ರೌನ್ ರೇಶಿಯೋ. ಅದು 4ರ ಹತ್ತಿರ ಇದ್ದರೆ ಶಾಫ್ಟ್ ಅಷ್ಟೇ ಹೊತ್ತಿನಲ್ಲಿ 36 ಸುತ್ತು ಹೊಡೆಯುತ್ತದೆ. ಶಾಫ್ಟಿನ ತುದಿಯಲ್ಲಿ ಮಡಚುವ ಕೀಲಿನ, ಅಂದರೆ ಕ್ರಾಸಿನ ತೊಂದರೆಯಾದರೆ ಒಂದು ಸುತ್ತಿಗೆ ಎರಡು ಸಲ, 72. ಅದು ಝುಂ ಅಂತ ನೆಲದಿಂದ ಹತ್ತಿ ಕೂತ ಜಾಗಕ್ಕೆ ಬರುತ್ತದೆ.

ಬೆಳಿಗ್ಗೆ ಲಾರಿಗಳ ಸಾಲು ಶುರುವಾಗುವ ಮುಂಚೆ ಕುಡುತಿನಿ ಕಡೆ ರಸ್ತೆಗೆ ತೆಗೆದುಕೊಂಡು ಹೋದೆ. ಹುಡುಗ ಪಕ್ಕದಲ್ಲಿ ಕೂತ. 65ರಲ್ಲಿ ನಡುಕ ಹಿಡಿದುಕೊಂಡಿತು. ವೇಗ ಹಾಗೇ ಇಟ್ಟು ಟಾಪ್‌ನಿಂದ ಒಂದು ಗೇರ್ ಇಳಿಸಿದೆ. ಎಂಜಿನ್ ಜೋರಾಗಿ ತಿರುಗಿತು, ನಡುಕ ಹಾಗೇ ಇತ್ತು. ಕ್ಲಚ್ ಒತ್ತಿ ಎಂಜಿನ್ ಐಡ್ಲ್‌ಗೆ ಬಿಟ್ಟೆ. ಸ್ವಲ್ಪ ಕಮ್ಮಿಯಾಯಿತು, ನಿಲ್ಲಲಿಲ್ಲ. ಎಂಜಿನ್, ಕ್ಲಚ್ ಎರಡೂ ಪಟ್ಟಿಯಿಂದ ಹೊರಗೆ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಎಷ್ಟೋ ಕಡೆ ಇದನ್ನು ಬಿಟ್ಟು ನೇರ ಪಾರ್ಟ್ ಬದಲಾಯಿಸಲು ಕೂರುತ್ತಾರೆ.

ಆಗ ಹಬ್ ಫ್ರೀ ಇತ್ತು, ಗಾಡಿ ಟೂ ವೀಲ್‌ನಲ್ಲಿತ್ತು. ಹಾಗಿದ್ದಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಅದೂ ಪಟ್ಟಿಯಿಂದ ಹೊರಗೆ. ಫ್ರೀ ಹಬ್ ಇಲ್ಲದ ಗಾಡಿಯಲ್ಲಿ ಅದು ಯಾವಾಗಲೂ ತಿರುಗುತ್ತಿರುತ್ತದೆ, ಅಲ್ಲಿ ಅದನ್ನು ಬಿಚ್ಚಿಟ್ಟು ಓಡಿಸಿ ನೋಡಬೇಕು.

ಉಳಿದದ್ದು ಹಿಂದಿನ ಶಾಫ್ಟ್. ಅದನ್ನು ಬಿಚ್ಚಿ, ಹಬ್ ಲಾಕ್ ಮಾಡಿ, ಫೋರ್ ಹೈಗೆ (ಫೋರ್ ವೀಲ್‌ನ ವೇಗದ ಗೇರಿಗೆ) ಹಾಕಿದರೆ ಜೀಪು ಬರೀ ಮುಂದಿನ ಚಕ್ರದ ಮೇಲೆ ಓಡುತ್ತದೆ. ಇಲ್ಲಿ ಹುಷಾರು. ಶಾಫ್ಟ್ ಇಲ್ಲದಾಗ ಟೂ ವೀಲ್‌ನಲ್ಲಿ ಗೇರ್ ಹಾಕಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ) ಹಿಂದೆಯೇ ಇರುತ್ತದೆ, ಅದೂ ಆಗ ಚಕ್ರ ಹಿಡಿಯುವುದಿಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ಇಳಿಯಬೇಡಿ. ಇನ್ನು ಕೆಲವದರಲ್ಲಿ ಶಾಫ್ಟ್ ಎಳೆದ ಕೂಡಲೇ ಆಯಿಲ್ ಸುರಿಯುತ್ತದೆ. ಇದರಲ್ಲಿ ಶಾಫ್ಟ್ ಒಳಗೆ ತೂರಿರದೆ ಫ್ಲ್ಯಾಂಜ್‌ಗೆ (ಚಪ್ಪಟೆ ಬಿಲ್ಲೆಗೆ) ಬೋಲ್ಟ್ ಆಗಿದ್ದುದರಿಂದ ಆ ಚಿಂತೆ ಇರಲಿಲ್ಲ.

ಅದೇ ರಸ್ತೆ, ಅದೇ 65. ನಡುಕ ಮಾಯ. ಹುಡುಗ ಸೀಟಿನ ಕೆಳಗೆ ಕೈ ಇಟ್ಟು ನೋಡಿ, "ಅಣ್ಣಾ, ಹೋಯ್ತಲ್ಲ!" ಅಂದ.

ಶಾಫ್ಟ್ ಬೆಂಚಿನ ಮೇಲೆ ಬಂತು. ಕ್ರಾಸ್ ನೋಡುವಾಗ ಎಲ್ಲರೂ ಅಲ್ಲಾಡಿಸಿ ಪ್ಲೇ (ಸಡಿಲ) ಮಾತ್ರ ನೋಡುತ್ತಾರೆ. ಇದರಲ್ಲಿ ಪ್ಲೇ ಇರಲಿಲ್ಲ. ಆದರೆ ಹಿಂದಿನ ಕ್ರಾಸನ್ನು ನಿಧಾನವಾಗಿ ಮಡಚಿದರೆ ನಡುವೆ ಒಂದು ಕಡೆ ಟಕ್ ಅಂತ ಕಚ್ಚಿಕೊಳ್ಳುತ್ತಿತ್ತು. ಕಪ್ ತೆಗೆದಾಗ ಗ್ರೀಸ್ ಒಣಗಿ ಕೆಂಪು ಪುಡಿಯಾಗಿತ್ತು, ಸೂಜಿ ಬೇರಿಂಗ್ ಒತ್ತಿದ ಗೆರೆಗಳು ಕ್ರಾಸಿನ ಮೇಲೆ ಉಗುರಿಗೆ ಸಿಗುತ್ತಿದ್ದವು. ಕ್ರಾಸ್ ಬದಲಾಯಿಸಿದೆ.

ಇನ್ನೂ ದೊಡ್ಡ ಕಾರಣ ಸ್ಲೈಡಿಂಗ್ ಜಾಯಿಂಟ್‌ನಲ್ಲಿತ್ತು, ಅಂದರೆ ಶಾಫ್ಟ್ ಉದ್ದ ಗಿಡ್ಡ ಆಗಲು ಹಲ್ಲುಗಳ ಮೇಲೆ ಜಾರುವ ಜಾಗದಲ್ಲಿ. ಮಣ್ಣು ಕೆರೆದಾಗ ಎರಡು ಬಾಣದ ಗುರುತು ಕಂಡವು, ಎದುರುಬದುರು ಇರಬೇಕಾದವು ಒಂದು ಹಲ್ಲು ಆಚೀಚೆ. ಹಿಂದೆ ಯಾರೋ ಗ್ರೀಸ್ ಹಾಕಲು ಎಳೆದು ಹೇಗೆ ಬಂತೋ ಹಾಗೆ ಸೇರಿಸಿದ್ದಾರೆ. ಕ್ರಾಸ್ ಓರೆಯಲ್ಲಿ ತಿರುಗುವಾಗ ಶಾಫ್ಟಿನ ವೇಗ ಒಂದು ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಸರಿ ಮಾಡಬೇಕು. ಅದಕ್ಕೆ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರದಲ್ಲಿರಬೇಕು, ಎರಡೂ ಕಡೆಯ ಓರೆಯೂ ಸಮ ಇರಬೇಕು. ಲೋಡಿಗೆ ಅಂತ ಹೆಚ್ಚಿಗೆ ಪಾಟಾ (ಸ್ಪ್ರಿಂಗ್ ಪಟ್ಟಿ) ಹಾಕಿಸಿದ ಗಾಡಿಗಳಲ್ಲಿ ಈ ಓರೆ ಕೆಡುವುದು ಮಾಮೂಲು. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿದೆ, ಇದರಲ್ಲಿ ಸರಿ ಇತ್ತು.

ಬಾಣ ಕೂಡಿಸಿ ಶಾಫ್ಟ್ ಏರಿಸಿದೆ. 70ರ ಮೇಲೆ ಒಂಚೂರು ಗುಂಯ್ ಉಳಿದಿತ್ತು. ಶಾಫ್ಟಿಗೆ ಚಾಕ್‌ನಿಂದ ನಾಲ್ಕು ಕಡೆ ಗುರುತು ಹಾಕಿ, ಹೋಸ್ ಕ್ಲಿಪ್ ಬಿಗಿದು, ಅದರ ಸ್ಕ್ರೂ ಒಂದೊಂದು ಗುರುತಿಗೆ ಬರುವಂತೆ ತಿರುಗಿಸಿ ಓಡಿಸುತ್ತಾ ಬಂದೆ. ಒಂದು ಕಡೆ ನಡುಕ ಜಾಸ್ತಿಯಾಯಿತು, ಅದರ ಎದುರು ಬದಿಗೆ ತಂದಾಗ ತಣ್ಣಗಾಯಿತು. ಕ್ಲಿಪ್ ಅಲ್ಲೇ ಬಿಟ್ಟೆ. ಬೇಕಾದರೆ ಮುಂದೆ ಮಷಿನ್‌ನಲ್ಲಿ ಬ್ಯಾಲೆನ್ಸ್ ಮಾಡಿಸಿಕೋ ಅಂದೆ.

ಹೊರಡುವಾಗ ಹುಡುಗ ಇನ್ನೊಂದು ಕೇಳಿದ. ಫೋರ್ ವೀಲ್ ಹಾಕಿ ಡಾಂಬರ್ ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ಜಗ್ಗುತ್ತದೆ, ಅದೂ ಇದರದ್ದೇನಾ ಅಂತ. ಅದು ರೋಗವಲ್ಲ. ಇಂಥ ಗಾಡಿಯಲ್ಲಿ ಮುಂದಿನ ಹಿಂದಿನ ಶಾಫ್ಟ್‌ಗಳ ನಡುವೆ ಡಿಫ್ರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕು, ಶಾಫ್ಟ್‌ಗಳು ಬಿಡುವುದಿಲ್ಲ. ಮಣ್ಣಿನಲ್ಲಾದರೆ ಟೈರ್ ಜಾರಿ ಸರಿ ಹೋಗುತ್ತದೆ. "ಗಣಿ ರಸ್ತೆ ಮುಗಿದ ಕೂಡಲೇ ಟೂ ವೀಲ್‌ಗೆ ಹಾಕ್ಕೋ" ಅಂದೆ.