ಶೂಟರ್ ಆಟದಲ್ಲಿ ಹೊಸಬರು ಉಳಿಯುವಂತೆ ಮಾಡುವುದು ಹೇಗೆ

ಬೇಸಿಗೆ ರಜೆಗೆ ಮನೆಗೆ ಬಂದಿದ್ದ ನನ್ನ ತಂಗಿಯ ಮಗ ಮೊದಲ ಸಲ ಆನ್‌ಲೈನ್ ಶೂಟರ್ ಆಟವೊಂದನ್ನು ಆಡಲು ಕುಳಿತಾಗ ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕುಳಿತೆ. ಹತ್ತು ನಿಮಿಷದ ಪಂದ್ಯದಲ್ಲಿ ಅವನು ಹದಿನಾಲ್ಕು ಸಲ ಸತ್ತ. ಪ್ರತಿ ಸಲವೂ "ಯಾರು ಹೊಡೆದದ್ದು, ಎಲ್ಲಿಂದ?" ಎಂದು ಕೇಳಿದೆ. ಮೂರು ಸಲ ಬಿಟ್ಟರೆ ಉಳಿದಷ್ಟೂ ಸಲ ಅವನ ಉತ್ತರ ಒಂದೇ: "ಗೊತ್ತಾಗ್ಲಿಲ್ಲ ಮಾಮ." ಓಣಿಯ ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾದರೂ ಮರುದಿನ ಬೆಳಿಗ್ಗೆ ಬ್ಯಾಟ್ ಹಿಡಿದು ಓಡುವ ಹುಡುಗ ಅವನು, ಅಲ್ಲಿ ಚೆಂಡು ಎಲ್ಲಿ ಪುಟಿಯಿತು, ಬ್ಯಾಟು ಎಲ್ಲಿ ತಪ್ಪಿತು ಎಂಬುದು ಕಣ್ಣಿಗೆ ಕಂಡಿರುತ್ತದೆ. ಇಲ್ಲಿ ಏನೂ ಕಾಣಲಿಲ್ಲ. ಎರಡನೆಯ ಪಂದ್ಯ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದ. ಹೊಸಬರು ಸೋಲನ್ನು ಸಹಿಸಿಕೊಳ್ಳುತ್ತಾರೆ. ಕಾರಣ ತಿಳಿಯದ ಸೋಲನ್ನು ಸಹಿಸುವುದಿಲ್ಲ. ಆದ್ದರಿಂದ ಶೂಟರ್ ಆಟ ಕಟ್ಟುವವರೂ ಅದರ ಸರ್ವರ್ ನಡೆಸುವವರೂ ಹೊಸಬರಿಗಾಗಿ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ: ಸತ್ತ ಮರುಕ್ಷಣ ಆ ಆಟಗಾರನಿಗೆ ತಾನು ಏಕೆ ಸತ್ತೆ ಎಂಬುದು ತಿಳಿಯಿತೇ?

ಕೆಲಸವನ್ನು ನೋಟ್‌ಬುಕ್‌ನಿಂದಲೇ ಆರಂಭಿಸಿ. ಈ ಬಗೆಯ ಆಟವನ್ನೇ ಆಡಿರದ ಮೂವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಬಾಯಿ ಬಿಗಿಹಿಡಿದು ನೋಡಿ. ಪ್ರತಿ ಸಾವಿಗೂ ಒಂದು ಸಾಲು ಬರೆಯಿರಿ: ಎಷ್ಟನೆಯ ನಿಮಿಷ, ನಿಜವಾಗಿ ಕೊಂದದ್ದು ಏನು, ಏನು ಕೊಂದಿತೆಂದು ಅವರು ಭಾವಿಸಿದರು. ಕೊನೆಯ ಎರಡು ಸಂಗತಿಗಳ ನಡುವೆ ವ್ಯತ್ಯಾಸ ಎಲ್ಲಿ ಹೆಚ್ಚಾಗಿದೆಯೋ ನಿಮ್ಮ ಕೆಲಸ ಅಲ್ಲಿದೆ. ನಡುವೆ ನೆರವಾಗಬೇಕೆಂಬ ಆಸೆ ಬಲವಾಗಿ ಹುಟ್ಟುತ್ತದೆ. ಒಮ್ಮೆ ಬೆರಳು ತೋರಿಸಿ ಹೇಳಿಕೊಟ್ಟರೆ ಆ ಸಾಲಿಗೆ ಬೆಲೆಯಿಲ್ಲ.

ಪಂದ್ಯಕ್ಕೆ ಮೊದಲೇ ಸರಿಪಡಿಸಬಹುದಾದ ಕೆಲವು ಸಂಗತಿಗಳಿವೆ. 2001ರಲ್ಲಿ ಬಂದ ಹೇಲೋ ಆಟದ ಆರಂಭದಲ್ಲಿ ತಂತ್ರಜ್ಞನೊಬ್ಬ ನಾಯಕನಿಗೆ ದೀಪಗಳತ್ತ ನೋಡಲು ಹೇಳುತ್ತಾನೆ. ಮೇಲೆ ನೋಡಲು ಆಟಗಾರ ಕಂಟ್ರೋಲರ್‌ನ ಕಡ್ಡಿಯನ್ನು ಯಾವ ಕಡೆಗೆ ತಳ್ಳುತ್ತಾನೆಂಬುದನ್ನು ಗಮನಿಸಿ, ಆಟವೇ ಆ ಸೆಟ್ಟಿಂಗ್ ಹೊಂದಿಸಿಕೊಳ್ಳುತ್ತದೆ. ಇಷ್ಟು ವರ್ಷಗಳ ನಂತರವೂ ಇದಕ್ಕಿಂತ ಸೊಗಸಾದ ಉಪಾಯವನ್ನು ನಾನು ಕಂಡಿಲ್ಲ. ಮೌಸ್ ಸೆನ್ಸಿಟಿವಿಟಿಯನ್ನೂ (ಮೌಸ್ ಸರಿಸಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕೆಂಬುದು) ಹೀಗೆಯೇ, ಎರಡು ಗುರಿಗಳತ್ತ ತಿರುಗಲು ಹೇಳಿ, ಆಟಗಾರ ಗುರಿಯನ್ನು ದಾಟಿಹೋಗುತ್ತಾನೋ ಮುಟ್ಟದೆ ನಿಲ್ಲುತ್ತಾನೋ ನೋಡಿ ಹೊಂದಿಸಬಹುದು. ಹೊಸಬರು ಸೆಟ್ಟಿಂಗ್ಸ್ ಪುಟವನ್ನು ತಾವಾಗಿ ತೆರೆಯುವುದು ಅಪರೂಪ; ಕೈಗೆ ಹೊಂದದ ಸೆನ್ಸಿಟಿವಿಟಿಯಲ್ಲೇ ಒದ್ದಾಡಿ, ತಮ್ಮ ಕೈಯೇ ಸರಿಯಿಲ್ಲವೆಂದುಕೊಂಡು ಹೊರಟುಹೋಗುತ್ತಾರೆ.

ಸರ್ವರ್ ಆಯ್ಕೆಯನ್ನೂ ಅವರ ಪಾಲಿಗೆ ಬಿಡಬೇಡಿ. ಬೆಂಗಳೂರಿನಲ್ಲಿ ಕುಳಿತವರಿಗೆ ಮುಂಬೈ ಸರ್ವರ್ ಇರುವಾಗ ಯುರೋಪಿನ ಸರ್ವರ್ ಸಿಕ್ಕಿದರೆ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಮರಳಲು ಹಿಡಿಯುವ ಸಮಯ, ಹಲವು ಪಟ್ಟು ಏರುತ್ತದೆ. ಇಂದಿನ ಬಹುಪಾಲು ಶೂಟರ್ ಆಟಗಳಲ್ಲಿ, ಗುಂಡು ಹಾರಿಸಿದವನ ಪರದೆಯಲ್ಲಿ ಆ ಕ್ಷಣಕ್ಕೆ ಏನು ಕಾಣುತ್ತಿತ್ತೋ ಅಲ್ಲಿಗೆ ಸರ್ವರ್ ಕಾಲವನ್ನು ಹಿಂದಕ್ಕೆ ಸರಿಸಿ, ಗುಂಡು ತಾಗಿತೇ ಇಲ್ಲವೇ ಎಂದು ತೀರ್ಮಾನಿಸುತ್ತದೆ. ಗುಂಡು ತಿಂದವನ ಪರದೆಯಲ್ಲಿ ಅಷ್ಟರಲ್ಲಿ ಅವನು ಗೋಡೆಯ ಮರೆಗೆ ಸರಿದಾಗಿರುತ್ತದೆ. ಅನುಭವಿಗಳು ಇದನ್ನು ಲ್ಯಾಗ್ (ಸಂಪರ್ಕದ ವಿಳಂಬ) ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಹೊಸಬರಿಗೆ ಮಾತ್ರ ಗೋಡೆಯನ್ನು ತೂರಿ ಬಂದ ಅನ್ಯಾಯದಂತೆ ಕಾಣುತ್ತದೆ. ಹತ್ತಿರದ ಸರ್ವರ್ ತಾನಾಗಿ ಆಯ್ಕೆಯಾಗಲಿ, ಪಿಂಗ್ ಹೆಚ್ಚಿದ್ದರೆ ಪಂದ್ಯಕ್ಕೆ ಮುಂಚೆಯೇ ಸರಳ ಮಾತಿನಲ್ಲಿ ತಿಳಿಸಲಿ.

ಇನ್ನು ಸತ್ತ ನಂತರದ ಐದಾರು ಸೆಕೆಂಡುಗಳು. ಆಟಗಾರನಿಗೆ ಆಗ ಬೇರೆ ಕೆಲಸವಿಲ್ಲ, ಕಣ್ಣು ಪರದೆಯ ಮೇಲಿದೆ, ಮನಸ್ಸಿನಲ್ಲಿ ಪ್ರಶ್ನೆಯೂ ಇದೆ. ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. 2007ರ ಟೀಮ್ ಫೋರ್ಟ್ರೆಸ್ 2 ಆಟದಲ್ಲಿ ಸತ್ತೊಡನೆ ಕ್ಯಾಮೆರಾ ಕೊಂದವನತ್ತ ಧಾವಿಸಿ ಅವನ ಮೇಲೆ ಸ್ತಬ್ಧವಾಗುತ್ತದೆ. ಅವನು ಯಾರು, ಎಲ್ಲಿ ನಿಂತಿದ್ದಾನೆ, ಅವನಲ್ಲಿ ಎಷ್ಟು ಜೀವ ಉಳಿದಿದೆ ಎಂಬುದೆಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ. 2016ರ ಓವರ್‌ವಾಚ್ ಕೊಂದವನ ಕಣ್ಣಿನಿಂದಲೇ ಕೊನೆಯ ಕ್ಷಣಗಳನ್ನು ಮರಳಿ ತೋರಿಸುತ್ತದೆ. ವ್ಯಾಲರಂಟ್ ಎಂಬ ಆಟವು ಯಾರು ಯಾರಿಗೆ ಎಷ್ಟು ಹಾನಿ ಮಾಡಿದರೆಂಬ ಲೆಕ್ಕ ಕೊಡುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವಿದ್ದರೆ ನಾನು ಮೊದಲನೆಯದನ್ನು ಆರಿಸುತ್ತೇನೆ, ಏಕೆಂದರೆ "ಎಲ್ಲಿಂದ" ಎಂಬ ಪ್ರಶ್ನೆಗೆ ಅದು ನೇರವಾಗಿ ಉತ್ತರಿಸುತ್ತದೆ, ಮತ್ತು ಎದುರಾಳಿಯಲ್ಲಿ ಚೂರೇ ಚೂರು ಜೀವ ಉಳಿದಿರುವುದನ್ನು ಕಂಡ ಹೊಸಬನಿಗೆ ಇನ್ನೊಂದು ಗುಂಡು ತಾಗಿದ್ದರೆ ತಾನೇ ಗೆಲ್ಲುತ್ತಿದ್ದೆನೆಂಬ ಧೈರ್ಯ ಬರುತ್ತದೆ. ಒಂದು ಎಚ್ಚರಿಕೆ: ಸತ್ತವರು ಆ ಸುತ್ತು ಮುಗಿಯುವವರೆಗೆ ಮರಳದ ಆಟಗಳಲ್ಲಿ ಎದುರಾಳಿಯ ಜಾಗವನ್ನು ತೋರಿಸಿದರೆ, ಅದನ್ನು ಬದುಕಿರುವ ಜೊತೆಗಾರರಿಗೆ ಕೂಗಿ ಹೇಳಿಬಿಡುತ್ತಾರೆ, ಅಲ್ಲಿ ಸುತ್ತು ಮುಗಿದ ಮೇಲೆ ತೋರಿಸಿ.

ಸಲಹೆಯ ಸಾಲೊಂದನ್ನು ಸೇರಿಸುವುದಾದರೆ ಅದು ಆ ಸಾವಿಗೇ ಸಂಬಂಧಿಸಿರಬೇಕು. ಕೌಂಟರ್ ಸ್ಟ್ರೈಕ್‌ನಲ್ಲಿ ಓಡುತ್ತ ಹಾರಿಸಿದ ರೈಫಲ್ ಗುಂಡುಗಳು ಗುರಿ ಬಿಟ್ಟು ಚದುರುತ್ತವೆ. ಓಡುತ್ತಲೇ ಟ್ರಿಗರ್ ಒತ್ತಿಹಿಡಿಯುವುದು ಎಲ್ಲ ಹೊಸಬರ ಅಭ್ಯಾಸ. ಮೂರು ಸಲ ಹಾಗೆ ಸತ್ತವರಿಗೆ "ನಿಂತು ಹಾರಿಸಿ" ಎಂಬ ಎರಡೇ ಪದ ಸಾಕು. ಅದೇ ಮಾತನ್ನು ಮೊದಲ ದಿನದ ಟ್ಯುಟೋರಿಯಲ್‌ನಲ್ಲಿ ಇತರ ಇಪ್ಪತ್ತು ಮಾತುಗಳ ಜೊತೆ ಹೇಳಿದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಶಬ್ದದ ವಿಷಯವೂ ಹೀಗೆಯೇ: ಹೆಡ್‌ಫೋನ್ ಇಲ್ಲದೆ ಬಸ್ಸಿನಲ್ಲಿ ಕುಳಿತು ಆಡುವವರಿಗೆ ಹೆಜ್ಜೆಯ ಸಪ್ಪಳ ಕೇಳಿಸುವುದಿಲ್ಲ. ಪಬ್‌ಜಿ ಮೊಬೈಲ್ ಹೆಜ್ಜೆ ಮತ್ತು ಗುಂಡಿನ ಶಬ್ದಗಳನ್ನು ಚಿಕ್ಕ ಮ್ಯಾಪಿನ ಮೇಲೆ ಗುರುತಾಗಿ ತೋರಿಸುವುದರಿಂದ, ಬೆನ್ನ ಹಿಂದಿನಿಂದ ಬಂದ ಸಾವಿಗೂ ಒಂದು ಕಾರಣ ಕಾಣುತ್ತದೆ.

ಯಾರ ಎದುರು ಯಾರನ್ನು ನಿಲ್ಲಿಸಬೇಕೆಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಎಕ್ಸ್‌ಬಾಕ್ಸ್ ಎಂಬ ಗೇಮಿಂಗ್ ಯಂತ್ರಕ್ಕಾಗಿ ಮೈಕ್ರೋಸಾಫ್ಟ್ ರೂಪಿಸಿದ ಟ್ರೂಸ್ಕಿಲ್ ಪದ್ಧತಿಯಲ್ಲಿ ಪ್ರತಿ ಆಟಗಾರನಿಗೂ ಎರಡು ಅಂಕಿಗಳಿರುತ್ತವೆ: ಕೌಶಲದ ಅಂದಾಜು ಒಂದು, ಆ ಅಂದಾಜು ಎಷ್ಟು ಅನಿಶ್ಚಿತ ಎಂಬುದು ಇನ್ನೊಂದು. ಹೊಸಬನ ಅಂದಾಜು 25ರಿಂದ, ಅನಿಶ್ಚಿತತೆ ಅದರ ಮೂರನೆಯ ಒಂದು ಭಾಗದಿಂದ ಆರಂಭವಾಗುತ್ತದೆ. ಅನಿಶ್ಚಿತತೆ ದೊಡ್ಡದಾಗಿರುವವರೆಗೆ ಪ್ರತಿ ಪಂದ್ಯವೂ ಅಂದಾಜನ್ನು ಬಹಳವಾಗಿ ಅಲ್ಲಾಡಿಸುತ್ತದೆ. ಗಣಿತ ಸೊಗಸಾಗಿದೆ, ಆದರೆ ನಿಮ್ಮ ಆಟದಲ್ಲಿ ಹೊಸಬರು ಸರಾಸರಿ ಆಟಗಾರರ ನಡುವೆ ಆರಂಭಿಸಿ, ಸೋಲುತ್ತ ಸೋಲುತ್ತ ತಮ್ಮ ಮಟ್ಟಕ್ಕೆ ಇಳಿಯಬೇಕಾಗಿದ್ದರೆ, ಇಳಿದು ಮುಗಿಯುವ ಮೊದಲೇ ಅವರು ಹೋಗಿರುತ್ತಾರೆ. ಮೊದಲ ಕೆಲವು ಪಂದ್ಯಗಳನ್ನು ಹೊಸಬರ ನಡುವೆಯೇ ಇಡಿ. ಹೊಸ ಖಾತೆ ತೆರೆದು ಒಳನುಸುಳುವ ಹಳಬರು ಎರಡು ಮೂರು ಪಂದ್ಯಗಳಲ್ಲೇ ಗುರಿಯ ನಿಖರತೆಯಿಂದ ಸಿಕ್ಕಿಬೀಳುತ್ತಾರೆ. ಅವರನ್ನು ತಡಮಾಡದೆ ಮೇಲಕ್ಕೆ ತಳ್ಳಿ. ವ್ಯಾಲರಂಟ್ ಮಾಡಿದಂತೆ, ಗೆಲುವು ಸೋಲಿನಿಂದ ಶ್ರೇಣಿ ಏರಿಳಿಯುವ ರ್‍ಯಾಂಕ್ ಪಂದ್ಯಗಳನ್ನು ಖಾತೆ ಒಂದು ಮಟ್ಟ ತಲುಪುವವರೆಗೆ ಮುಚ್ಚಿಡುವುದೂ ನೆರವಾಗುತ್ತದೆ.

ಇದೆಲ್ಲ ಸಾವಿರಾರು ಜನ ಆಡುವ ಆಟದ ಮಾತಾಯಿತು. ನಾನು ಗೆಳೆಯರೊಂದಿಗೆ ನಡೆಸುವುದು ಝೊನಾಟಿಕ್ ಎಂಬ ಮುಕ್ತ ತಂತ್ರಾಂಶ ಆಟದ ಒಂದು ಚಿಕ್ಕ ಸರ್ವರ್. ಸಂಜೆ ಎಂಟು ಜನ ಸೇರಿದರೆ ಹೆಚ್ಚು. ಅಲ್ಲಿ ಸಮಬಲರನ್ನು ಆರಿಸಿ ಎದುರುಬದುರು ನಿಲ್ಲಿಸಲು ಆಯ್ಕೆಯೇ ಇಲ್ಲ, ಬಂದವರೆಲ್ಲ ಒಂದೇ ಕಣಕ್ಕಿಳಿಯುತ್ತಾರೆ. ಈ ಆಟದಲ್ಲಿ ಜಿಗಿತಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ವೇಗ ಏರುತ್ತದೆ. ಹಳಬರು ಮ್ಯಾಪಿನ ಒಂದು ತುದಿಯಿಂದ ಇನ್ನೊಂದಕ್ಕೆ ಹಾರಿಹೋಗುವುದನ್ನು ಕಂಡ ಹೊಸಬರು, ಅದು ಕಲಿಯಬಹುದಾದ ವಿದ್ಯೆಯೆಂದು ತಿಳಿಯದೆ, ಮೋಸವೆಂದೇ ನಂಬುತ್ತಾರೆ. ಗುಂಡಿನ ಕಾಟವಿಲ್ಲದ ರೇಸ್ ಪಂದ್ಯಗಳಲ್ಲಿ ಅವರನ್ನು ಹತ್ತು ನಿಮಿಷ ಓಡಿಸಿದ ಮೇಲೆ ಆ ಮಾತು ನಿಲ್ಲುತ್ತದೆ. ಇದರ ಜೊತೆಗೆ, ಕಡಿಮೆ ಜನರಿರುವಾಗ ಕಂಪ್ಯೂಟರ್ ನಡೆಸುವ ಆಟಗಾರರಾದ ಬಾಟ್‌ಗಳು ತಾವಾಗಿ ಜಾಗ ತುಂಬುವಂತೆ ‘ಮಿನ್‌ಪ್ಲೇಯರ್ಸ್’ ಸೆಟ್ಟಿಂಗ್ ಇಟ್ಟು, ಬಾಟ್‌ಗಳ ‘ಸ್ಕಿಲ್’ ಅನ್ನು ಕೆಳಮಟ್ಟದಲ್ಲಿಡಿ. ಹೊಸಬರಿಗೆ ಖಾಲಿ ಸರ್ವರ್ ಎಷ್ಟು ನಿರಾಸೆಯೋ ಹಳಬರಷ್ಟೇ ತುಂಬಿದ ಸರ್ವರ್ ಕೂಡ ಅಷ್ಟೇ ನಿರಾಸೆ.

ಬಾಟ್‌ಗಳನ್ನು ಬಳಸುವಾಗ ಅವು ಬಾಟ್‌ಗಳೆಂದು ಹೇಳಿಬಿಡಿ. ಮೊದಲ ಪಂದ್ಯಗಳಲ್ಲಿ ಮನುಷ್ಯರ ಹೆಸರಿಟ್ಟ ಬಾಟ್‌ಗಳನ್ನು ಸುಲಭವಾಗಿ ಹೊಡೆದುರುಳಿಸಿದವರು, ನಿಜವಾದ ಎದುರಾಳಿಗಳು ಬಂದ ದಿನ ತಮ್ಮ ಕೈ ಏಕೆ ಕೆಟ್ಟಿತೆಂದು ತಿಳಿಯದೆ ಕಂಗಾಲಾಗುತ್ತಾರೆ. ಇದು ಕಾರಣ ತಿಳಿಯದ ಸೋಲಿನ ಇನ್ನೊಂದು ರೂಪ. 2014ರ ಟೈಟನ್‌ಫಾಲ್ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಅಲ್ಲಿ ಆಟಗಾರರ ನಡುವೆಯೇ ಕಂಪ್ಯೂಟರ್ ನಡೆಸುವ ಸಾಮಾನ್ಯ ಸೈನಿಕರು ಓಡಾಡುತ್ತಿರುತ್ತಾರೆ, ಅಟ್ರಿಷನ್ ಎಂಬ ಬಗೆಯ ಪಂದ್ಯದಲ್ಲಿ ಅವರನ್ನು ಹೊಡೆದರೂ ತಂಡಕ್ಕೆ ಅಂಕ ಬರುತ್ತದೆ. ಎದುರಾಳಿ ಆಟಗಾರನನ್ನು ಒಮ್ಮೆಯೂ ಹೊಡೆಯಲಾಗದ ಹೊಸಬನೂ ಪಂದ್ಯದ ಕೊನೆಗೆ ತಂಡಕ್ಕೆ ಏನನ್ನಾದರೂ ಕೊಟ್ಟಿರುತ್ತಾನೆ.

ಜೊತೆಗಾರರ ಮಾತಿನ ಬಗ್ಗೆಯೂ ಯೋಚಿಸಿ. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್‌ನಲ್ಲಿ ಒಂದೇ ಬಟನ್ ಒತ್ತಿ "ಇಲ್ಲಿ ಶತ್ರು", "ಇಲ್ಲಿ ಗುಂಡುಗಳಿವೆ" ಎಂದು ಗುರುತು ಹಾಕಬಹುದು. ಕನ್ನಡ ಮಾತ್ರ ಬಲ್ಲ ಹುಡುಗನೊಬ್ಬ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೂಗುವ ಮೂವರ ಸ್ಕ್ವಾಡ್‌ಗೆ ಬಿದ್ದಾಗ ಅವನ ಕೈಹಿಡಿಯುವುದು ಇಂಥ ಗುರುತುಗಳೇ. ಅಪರಿಚಿತರೊಂದಿಗಿನ ಧ್ವನಿ ಸಂಭಾಷಣೆ ಮೊದಲ ಪಂದ್ಯಗಳಲ್ಲಿ ಮುಚ್ಚಿಯೇ ಇರಲಿ, ಬೇಕಾದವರು ತೆರೆದುಕೊಳ್ಳುತ್ತಾರೆ.

ಒಂದೊಂದು ಬದಲಾವಣೆಯ ನಂತರವೂ ನೋಟ್‌ಬುಕ್ ಹಿಡಿದು ಮತ್ತೆ ಕುಳಿತುಕೊಳ್ಳಬೇಕು, ಮತ್ತು ಪ್ರತಿ ಸಲವೂ ಬೇರೆ ಹೊಸಬರು ಬೇಕು, ಏಕೆಂದರೆ ಒಮ್ಮೆ ಆಡಿದವರು ಮತ್ತೆ ಹೊಸಬರಾಗುವುದಿಲ್ಲ. ನಮ್ಮ ಸರ್ವರ್‌ನಲ್ಲಿ ರೇಸ್ ಮತ್ತು ಬಾಟ್‌ಗಳ ವ್ಯವಸ್ಥೆ ಆದ ಮೇಲೆ ತಂಗಿಯ ಮಗ ತನ್ನ ಸಹಪಾಠಿಯೊಬ್ಬಳನ್ನು ಕರೆತಂದ. ಅವಳೂ ಬಹಳ ಸಲ ಸತ್ತಳು. ಆರನೆಯ ಸಲ ನಾನು ಕೇಳುವ ಮೊದಲೇ "ಮೇಲಿನ ಕಟ್ಟೆಯಿಂದ ಅಂಕಲ್, ನಾನು ಬಯಲಲ್ಲಿ ನಿಂತಿದ್ದೆ" ಎಂದು ಹೇಳಿ, ಮರಳಿ ಹುಟ್ಟಿದೊಡನೆ ಆ ಕಟ್ಟೆಯ ಕಡೆಗೇ ಓಡಿದಳು.