ಪಿಂಗ್ ಹೋಗುತ್ತೆ, ಎಸ್‌ಎಸ್‌ಎಚ್ ಹೋಗಲ್ಲ: ಎರಡು ಹೋಸ್ಟ್‌ಗಳ ವಿಎಂ ಜೋಡಿಸುವುದು ಹೇಗೆ?

ಮನೆಯಲ್ಲಿ ಎರಡು ಹಳೆಯ ಪಿಸಿ ಇವೆ (ಇವೇ ಹೋಸ್ಟ್‌ಗಳು), ಎರಡರಲ್ಲೂ ಲಿನಕ್ಸ್, ಅದರ ಕೆವಿಎಂ ಸೌಲಭ್ಯ ಹಾಕಿ ಒಂದೊಂದು ವಿಎಂ, ಅಂದರೆ ಪಿಸಿಯೊಳಗಿನ ವರ್ಚುವಲ್ ಕಂಪ್ಯೂಟರ್, ಓಡಿಸುತ್ತಿದ್ದೀರಿ ಅಂದುಕೊಳ್ಳಿ. ಆ ಎರಡು ವಿಎಂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ ಹಾಗೆ ಮಾತಾಡಬೇಕು. ಅದಕ್ಕೆ ವಿಎಕ್ಸ್‌ಲ್ಯಾನ್ ಸುರಂಗ ಸಾಕು: ವಿಎಂನ ಪ್ಯಾಕೆಟ್ಟನ್ನು ಹೋಸ್ಟ್‌ನ ಪ್ಯಾಕೆಟ್ ಒಳಗೆ ಸುತ್ತಿ ಆಚೆ ಹೋಸ್ಟ್‌ಗೆ ಕಳಿಸುವ ವಿಧಾನ ಇದು. ಕಟ್ಟುವುದು ಹತ್ತು ನಿಮಿಷದ ಕೆಲಸ, ತಲೆನೋವು ಆಮೇಲೆ.

ಮೊದಲು ಎರಡೂ ಹೋಸ್ಟ್‌ಗಳಲ್ಲಿ ಓಪನ್ ವಿಸ್ವಿಚ್ ಅನ್ನುವ ಸಾಫ್ಟ್‌ವೇರ್ ಹಾಕಿ, ಒಂದೊಂದು ಬ್ರಿಡ್ಜ್ (ಸಾಫ್ಟ್‌ವೇರ್ ಸ್ವಿಚ್) ಮಾಡಿ, ವಿಎಂನ ನೆಟ್‌ವರ್ಕ್ ಕಾರ್ಡನ್ನು ಅದಕ್ಕೆ ಸೇರಿಸಿ. ವಿಎಂ ನೋಡಿಕೊಳ್ಳಲು ಲಿಬ್‌ವರ್ಟ್ ಬಳಸುವವರು ವಿಎಂನ ಸೆಟ್ಟಿಂಗ್‌ನಲ್ಲಿ ವರ್ಚುವಲ್‌ಪೋರ್ಟ್ ಟೈಪ್ ಓಪನ್‌ವಿಸ್ವಿಚ್ ಅಂತ ಬರೆಯುವುದನ್ನು ಮರೆಯಬೇಡಿ. ಹೋಸ್ಟ್‌ನ ನಿಜವಾದ ಕಾರ್ಡನ್ನು ಮಾತ್ರ ಬ್ರಿಡ್ಜ್‌ಗೆ ಸೇರಿಸಬೇಡಿ, ಸುರಂಗಕ್ಕೆ ಅದು ಬೇಕಾಗಿಲ್ಲ. ನಾನು ಒಮ್ಮೆ ಸೇರಿಸಿದೆ, ಎಂಟರ್ ಒತ್ತಿದ್ದೇ ತಡ ಹೋಸ್ಟ್ ಕೈಗೆ ಸಿಗದೆ ಹೋಯಿತು, ಮಾನಿಟರ್ ಹೊತ್ತುಕೊಂಡು ಮಹಡಿ ಹತ್ತಬೇಕಾಯಿತು.

ಈಗ ಬ್ರಿಡ್ಜ್‌ಗೆ ಇನ್ನೊಂದು ಪೋರ್ಟ್. ಟೈಪ್ ವಿಎಕ್ಸ್‌ಲ್ಯಾನ್, ರಿಮೋಟ್ ಐಪಿ ಜಾಗದಲ್ಲಿ ಆಚೆ ಹೋಸ್ಟ್‌ನ ವಿಳಾಸ: 192.168.1.10ರಲ್ಲಿ ಕೂತು 192.168.1.20 ಅಂತ ಬರೆಯಿರಿ, ಅಲ್ಲಿ ಕೂತು ಇಲ್ಲಿಯದನ್ನು. ಕೀ (ಸುರಂಗದೊಳಗಿನ ನೆಟ್‌ವರ್ಕಿನ ನಂಬರ್) ಎರಡೂ ಕಡೆ ಒಂದೇ ಇರಬೇಕು, 100 ಅಂತಿರಲಿ. ಇದು 24 ಬಿಟ್‌ನ ನಂಬರ್, 1.6 ಕೋಟಿಗೂ ಜಾಸ್ತಿ ನೆಟ್‌ವರ್ಕ್ ಮಾಡಬಹುದು. ಮನೆಗೆ ಒಂದು ಸಾಕು ಬಿಡಿ. ಫೈರ್‌ವಾಲ್‌ನಲ್ಲಿ ಯುಡಿಪಿ 4789 ತೆರೆಯಿರಿ.

ವಿಎಂಗಳಿಗೆ 10.0.0.1, 10.0.0.2 ಕೊಟ್ಟು ಪಿಂಗ್ ಮಾಡಿ, ಅಂದರೆ ಆಚೆಯದು ಉತ್ತರಿಸುತ್ತದಾ ಅಂತ ಸಣ್ಣ ಪ್ಯಾಕೆಟ್ ಕಳಿಸಿ ನೋಡಿ. ಉತ್ತರ ಬರುತ್ತದೆ. ಖುಷಿಯಲ್ಲಿ ಆಚೆ ವಿಎಂಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೊಟ್ಟರೆ ಅದು ಸುಮ್ನೆ ಕೂರುತ್ತದೆ, ಎರರ್ ಕೂಡ ಇಲ್ಲ. ನನ್ನ ಅರ್ಧ ಭಾನುವಾರ ಹೋಗಿದ್ದು ಇಲ್ಲೇ. ವಿಎಂ ಬಿಟ್ಟ ಪ್ಯಾಕೆಟ್ ತನ್ನ 14 ಬೈಟ್ ಈಥರ್ನೆಟ್ ಹೆಡರ್ ಸಮೇತ ಸುರಂಗಕ್ಕೆ ಇಳಿಯುತ್ತದೆ, ಅದರ ಮೇಲೆ ವಿಎಕ್ಸ್‌ಲ್ಯಾನ್ 8, ಯುಡಿಪಿ 8, ಐಪಿ 20 ಬೈಟ್ ಕೂರುತ್ತವೆ. ಒಟ್ಟು 50 ಜಾಸ್ತಿ ಆಯ್ತು ಅಲ್ವಾ? ಹೋಸ್ಟ್ ಕಾರ್ಡ್ ಬಿಡುವುದು 1500 ಬೈಟ್ ಮಾತ್ರ. ಪಿಂಗ್ ಸಣ್ಣದು, ನುಸುಳಿಕೊಳ್ಳುತ್ತದೆ. ಎಸ್‌ಎಸ್‌ಎಚ್ ಶುರುವಿನಲ್ಲೇ ದಪ್ಪ ಪ್ಯಾಕೆಟ್ ಕಳಿಸುತ್ತದೆ, ಅದು ಯಾರಿಗೂ ಹೇಳದೆ ಬಿದ್ದುಹೋಗುತ್ತದೆ.

ನಂಬಿಕೆ ಬರದಿದ್ದರೆ ಪ್ಯಾಕೆಟ್ ತುಂಡು ಮಾಡಬಾರದು ಅನ್ನುವ ಆಯ್ಕೆ ಹಾಕಿ ಪಿಂಗ್ ಕಳಿಸಿ ನೋಡಿ. 1422 ಬೈಟ್ ದಾಟುತ್ತದೆ, 1423 ದಾಟುವುದಿಲ್ಲ. ಪಿಂಗ್‌ನದೇ ಹೆಡರ್ 28 ಸೇರಿ 1450. ಹಾಗಾಗಿ ಎರಡೂ ವಿಎಂ ಒಳಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1450 ಮಾಡಿ. ಎಸ್‌ಎಸ್‌ಎಚ್ ತಕ್ಷಣ ಪಾಸ್‌ವರ್ಡ್ ಕೇಳುತ್ತದೆ.

ಸುರಂಗ ಅಂದ ಮಾತ್ರಕ್ಕೆ ಇದರಲ್ಲಿ ಗುಟ್ಟೇನೂ ಇಲ್ಲ. ಹೋಸ್ಟ್‌ನಲ್ಲಿ ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಬಿಟ್ಟರೆ ಒಳಗಿನ 10.0.0.1 ನೇರವಾಗಿ ಕಾಣುತ್ತದೆ. ಎರಡು ಹೋಸ್ಟ್ ಬೇರೆ ಬೇರೆ ಊರಲ್ಲಿದ್ದರೆ ಇದನ್ನು ಗುಟ್ಟು ಕಾಯುವ (ಎನ್‌ಕ್ರಿಪ್ಟ್ ಮಾಡುವ) ವಿಪಿಎನ್ ಆದ ವೈರ್‌ಗಾರ್ಡ್ ಮೇಲೆ ಓಡಿಸಿ. ಅದರ ಮಾಮೂಲಿ ಎಂಟಿಯು 1420, ನಮ್ಮ 50 ಕಳೆದರೆ ವಿಎಂಗೆ 1370.