ಗ್ರೀಕ್ ಕಲಿಯಬೇಕಾ? ಇಂಗ್ಲಿಷ್ ಅಕ್ಷರ ಪಕ್ಕಕ್ಕಿಡಿ

ನನ್ನೂರು ಕುಂದಾಪುರ. ಈಗ ಇರುವುದು ಅಥೆನ್ಸ್ ಪಕ್ಕದ ಪಿರಿಯಸ್ ಬಂದರಿನಲ್ಲಿ, ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸ. ನಮ್ಮ ಕಡೆಯಿಂದ ಹೊಸದಾಗಿ ಬಂದವರು "ಅಕ್ಕಾ, ಈ ಭಾಷೆ ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ನಾನು ಮೊದಲು ಹೇಳುವುದು ಇಷ್ಟೇ: ಗ್ರೀಕ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ಗ್ರೀಕ್ ಲಿಪಿ ಕೈಗೆ ಹತ್ತುವ ತನಕ ಕನ್ನಡದಲ್ಲಿ ಬರೆದುಕೊಳ್ಳಿ.

ಗ್ರೀಕರ ಕ, ಪ, ತ ಹೆಚ್ಚುಕಡಿಮೆ ನಮ್ಮವೇ. ಇಂಗ್ಲಿಷಿನವರ ಹಾಗೆ ಉಸಿರು ತುಂಬಿ ಹೇಳುವುದಿಲ್ಲ. ಅವರ ತ ಹಲ್ಲಿಗೆ ತಾಗುವ ತ, ಟ ಅಲ್ಲ. 'ಹೇಗಿದ್ದೀಯ' ಅನ್ನುವುದಕ್ಕೆ 'ತಿ ಕಾನಿಸ್' ಅಂತಾರೆ. ಇಂಗ್ಲಿಷಿನಲ್ಲಿ ಬರೆದುಕೊಂಡವರ ಬಾಯಲ್ಲಿ ಅದು 'ಟಿ ಕ್ಯಾನಿಸ್' ಆಗಿಬಿಡುತ್ತದೆ. ಸ್ವರಗಳೂ ಐದೇ: ಅ, ಎ, ಇ, ಒ, ಉ. ಅಥೆನ್ಸಿನ ಒಂದು ಸ್ಟೇಷನ್ ಹೆಸರನ್ನು ಮೆಟ್ರೋ ಬೋರ್ಡಿನ ಇಂಗ್ಲಿಷ್ ಅಕ್ಷರ ನೋಡಿದವರು 'ಸಿಂಟಾಗ್ಮಾ' ಅಂತ ಓದುತ್ತಾರೆ. ಊರಿನವರು ಹೇಳುವುದು 'ಸೀಂದಗ್ಮ'.

ಅಕ್ಷರ 24. ಆಲ್ಫಾ, ಥೀಟಾ, ಪೈ, ಸಿಗ್ಮಾ ಎಲ್ಲ ಹೈಸ್ಕೂಲ್ ಗಣಿತದಲ್ಲೇ ನೋಡಿದ್ದೀರಿ, ಅಲ್ವಾ? ಇಲ್ಲಿ ಹೆಸರು ಸ್ವಲ್ಪ ಬೇರೆ. ಬೀಟಾ ಅಂದರೆ 'ವೀತ', ಅದರ ಸದ್ದು ವ. ಪೈ ಅಂದರೆ 'ಪಿ', ಮ್ಯೂ ಅಂದರೆ 'ಮಿ', ನ್ಯೂ ಅಂದರೆ 'ನಿ'. ಮೋಸ ಮಾಡುವ ಅಕ್ಷರಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ಇಂಗ್ಲಿಷಿನ ಪಿ ಥರ ಕಾಣುವುದು ರ. ದೊಡ್ಡ ಎಚ್ ಥರ ಕಾಣುವುದು ಇ. ಸಣ್ಣ ವಿ ಥರ ಕಾಣುವುದು ನ.

ಓದುವ ಅಭ್ಯಾಸಕ್ಕೆ ಸಂತೆಗಿಂತ ಒಳ್ಳೆಯ ಜಾಗ ಇಲ್ಲ. ಇಲ್ಲಿ ಅದಕ್ಕೆ 'ಲಯಿಕೀ' ಅಂತಾರೆ. ಒಂದೊಂದು ಬಡಾವಣೆಗೆ ವಾರದಲ್ಲಿ ಒಂದೊಂದು ದಿನ ಬೀದಿಯಲ್ಲೇ ನಡೆಯುತ್ತದೆ. ಬಾಳೆಹಣ್ಣಿನ ರಾಶಿಯ ಮೇಲೆ ಸಿಕ್ಕಿಸಿದ ಬೋರ್ಡು ನೋಡಿ. ಮಿ, ಪಿ, ಆಲ್ಫಾ, ನಿ, ಆಲ್ಫಾ, ನಿ, ಎಪ್ಸಿಲೊನ್, ಸಿಗ್ಮಾ. ಹಾಗೇ ಓದಿದರೆ 'ಮ್ಪನನೆಸ್'. ಆದರೆ ವೀತ ವ ಆಗಿಬಿಟ್ಟಿದೆಯಲ್ಲ, ಬ ಸದ್ದಿಗೆ ಬೇರೆ ಅಕ್ಷರ ಇಲ್ಲ. ಅದಕ್ಕೇ ಮಿ, ಪಿ ಎರಡನ್ನೂ ಸೇರಿಸಿ ಬ ಮಾಡುತ್ತಾರೆ. ಈಗ ಓದಿ: ಬನಾನೆಸ್. ಪಕ್ಕದಲ್ಲಿ ಟೊಮೇಟೊ. ಅಲ್ಲಿ ನಿ ಮತ್ತು ತ ಸದ್ದಿನ ತಾಫ್ ಸೇರಿ ದ: ದೊಮಾತೆಸ್. ಸೌತೆಕಾಯಿಯಲ್ಲಿ ಎರಡು ಗಾಮಾ ಸೇರಿ ಂಗ: ಅಂಗೂರಿ. ಈ ಮೂರು ಬೋರ್ಡು ಓದಿದರೆ ಓದಿನ ಕಷ್ಟ ಅರ್ಧ ಮುಗಿಯಿತು. ಬರೆಯುವುದು ಬೇರೆ ಮಾತು. ಇ ಸದ್ದನ್ನೇ ಆರು ಥರ ಬರೆಯುತ್ತಾರೆ. ಅದರ ತಲೆಬಿಸಿ ಈಗಲೇ ಬೇಡ.

ಇನ್ನು ಒತ್ತು, ಅಂದರೆ ಪದದ ಒಂದು ಭಾಗವನ್ನು ಜೋರಾಗಿ ಹೇಳುವುದು. ನಮಗೆ ನಿಜವಾಗಿ ಕಷ್ಟ ಆಗುವುದು ಇಲ್ಲೇ, ಯಾಕಂದ್ರೆ ಕನ್ನಡದಲ್ಲಿ ಯಾವ ಅಕ್ಷರದ ಮೇಲೆ ಒತ್ತು ಹಾಕಿದರೂ ಅರ್ಥ ಬದಲಾಗುವುದಿಲ್ಲ. ಗ್ರೀಕಿನಲ್ಲಿ 'ಪೋತೆ' ಅಂದರೆ ಯಾವಾಗ, 'ಪೊತೇ' ಅಂದರೆ ಯಾವತ್ತೂ ಇಲ್ಲ. ನಾನು ಮಾಡುವುದು ಹೀಗೆ: ಒತ್ತು ಬೀಳುವ ಕಡೆ ಮಾತ್ರ ದೀರ್ಘ ಬರೆಯುತ್ತೇನೆ, ಉಳಿದದ್ದೆಲ್ಲ ಹ್ರಸ್ವ. ಪುಸ್ತಕದಲ್ಲಿ ಒತ್ತಿನ ಅಕ್ಷರದ ಮೇಲೆ ಸಣ್ಣ ಗೆರೆ ಇರುತ್ತದೆ. ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದ ಬೋರ್ಡಿನಲ್ಲಿ ಆ ಗೆರೆ ಇರುವುದಿಲ್ಲ. ಹಾಗಾಗಿ ಬೋರ್ಡು ಓದಿ, ಆಮೇಲೆ ವ್ಯಾಪಾರಿ ಕೂಗುವುದನ್ನು ಕೇಳಿ ಸರಿಮಾಡಿಕೊಳ್ಳಿ. ಹಳೇ ಪುಸ್ತಕದಲ್ಲಿ ನಾನಾ ನಮೂನೆಯ ಗುರುತು ಕಂಡರೆ ಅದು 1982ಕ್ಕಿಂತ ಹಿಂದಿನ ಪದ್ಧತಿ. ಶುರುವಿಗೆ ಬೇಡ.

ಸ್ಸ, ಲ್ಲ ಥರದ ಒತ್ತಕ್ಷರದ ಅಭ್ಯಾಸವನ್ನೂ ಬಿಡಬೇಕು. ಸಮುದ್ರಕ್ಕೆ 'ಥಾಲಸ' ಅಂತಾರೆ. ಬರೆಯುವಾಗ ಎರಡು ಸಿಗ್ಮಾ, ಹೇಳುವಾಗ ಒಂದೇ ಸ. ಸೈಪ್ರಸ್ಸಿನವರಾದರೆ ನಮ್ಮ ಹಾಗೆ ಎರಡೂ ಸ ಕೇಳುವಂತೆ ಹೇಳುತ್ತಾರೆ.

ಡೆಲ್ಟಾದ ಸದ್ದು ನಮ್ಮಲ್ಲಿಲ್ಲ, ಇಲ್ಲಿ ಅದನ್ನು ಧ ಅಂತ ಬರೆದಿದ್ದೇನೆ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಿ. ದ ಸದ್ದನ್ನು ಎಳೆಯಲಾಗದು. ಇದನ್ನು ದುಂಬಿ ಮೊರೆದ ಹಾಗೆ ಎಳೆಯಬಹುದು. ಎಳೆಯಲು ಬಂದರೆ ಸರಿಯಾಗಿದೆ ಅಂತ ಲೆಕ್ಕ. ಥ ಅಂತ ಬರೆದಿರುವ ಥೀಟಾವೂ ಅದೇ ಜಾಗದ್ದು, ಆದರೆ ಬರೀ ಗಾಳಿ.

ಹೌದು ಅನ್ನಲು 'ನೆ', ಇಲ್ಲ ಅನ್ನಲು 'ಓಹಿ'. ಹಿಂದಿ ಕೇಳಿದ ಕಿವಿಗೆ 'ನೆ' ಅಂದರೆ ಇಲ್ಲ ಅಂತಲೇ ಕೇಳುತ್ತದೆ, ಹುಷಾರು. ಬಾಯಿ ಬಿಡದೆ ತಲೆ ಮೇಲಕ್ಕೆತ್ತಿ 'ಚ್' ಅಂದರೂ ಇಲ್ಲ ಅಂತಲೇ ಅರ್ಥ. ನಾವು ತಲೆ ಅಲ್ಲಾಡಿಸುವುದು ಇಲ್ಲಿ ಯಾರಿಗೂ ಅರ್ಥ ಆಗದು. ಬಾಯಿಬಿಟ್ಟೇ ಹೇಳಿ.

ವ್ಯಾಕರಣಕ್ಕೆ ಹೆದರಬೇಡಿ. 'ಬರ್ತೀನಿ' ಅಂದರೆ ಸಾಕು, 'ನಾನು' ಬೇಡ. ಗ್ರೀಕಿನಲ್ಲೂ ಹಾಗೇ. 'ಥೇಲೊ' ಅಂದರೆ ನನಗೆ ಬೇಕು, 'ಥೇಲಿಸ್' ನಿನಗೆ ಬೇಕು, 'ಥೇಲೆತೆ' ನಿಮಗೆ ಬೇಕು. ಹಿರಿಯರಿಗೆ, ಅಪರಿಚಿತರಿಗೆ 'ಥೇಲೆತೆ'ಯೇ ಸರಿ. ಸಂಬೋಧನಾ ವಿಭಕ್ತಿಯೂ ಇದೆ. ಹೆಸರು ಯೋರ್ಗೊಸ್, ಕರೆಯುವಾಗ 'ಯೋರ್ಗೊ'.

ಲಿಂಗ ಮಾತ್ರ ಬಾಯಿಪಾಠ ಮಾಡಲೇಬೇಕು. ರಸ್ತೆ ಪುಲ್ಲಿಂಗ, 'ಒ ಧ್ರೋಮೊಸ್'. ಕುರ್ಚಿ ಸ್ತ್ರೀಲಿಂಗ, 'ಇ ಕರೇಕ್ಲ'. ಮಗು ನಮ್ಮಲ್ಲಿದ್ದ ಹಾಗೇ ನಪುಂಸಕ, 'ತೊ ಪೆಧೀ'. ಹುಡುಗಿಯೂ ನಪುಂಸಕವೇ, 'ತೊ ಕೊರೀತ್ಸಿ'. ಪದದ ಮುಂದಿನ ಒ, ಇ, ತೊ ಲಿಂಗ ತೋರಿಸುತ್ತವೆ, ಅವನ್ನು ಬಿಟ್ಟು ಬರೀ ಪದ ಕಲಿಯಬೇಡಿ.

'ಹೋಗಲು', 'ತಿನ್ನಲು' ಅನ್ನುವ ರೂಪ ಇಲ್ಲ. ಅದರ ಬದಲು 'ನ' ಹಾಕಿ ಕ್ರಿಯಾಪದಕ್ಕೆ ನಾನು, ನೀನು ಪ್ರತ್ಯಯ ಹಚ್ಚುತ್ತಾರೆ. 'ಥೇಲೊ ನ ಪಾಒ', ಹೋಗಬೇಕು. 'ಥೇಲೊ ನ ಫಾಒ', ತಿನ್ನಬೇಕು. 'ಥೇಲೊ ನ ಮಾಥೊ', ಕಲಿಯಬೇಕು. ದಿನವಿಡೀ ಬೇಕಾಗುವ ವಾಕ್ಯ ಇವು.

ಇಂಗ್ಲಿಷ್ ಬರುವವರಿಗೆ ಇಂಟರ್ನೆಟ್ಟಿನಲ್ಲಿ ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನ ಆಡಿಯೊ ಪಾಠ ಪುಕ್ಕಟೆ ಸಿಗುತ್ತದೆ, ವಾಕ್ಯ ಕಟ್ಟಲು ತುಂಬಾ ಸಹಾಯ. ಅಂಗಡಿಯಲ್ಲಿ ಎದುರಿನವರು ಇಂಗ್ಲಿಷಿಗೆ ಹೊರಳಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ. 'ಮಥೇನೊ ಎಲಿನಿಕಾ', ಗ್ರೀಕ್ ಕಲಿಯುತ್ತಿದ್ದೇನೆ ಅನ್ನಿ. ನನ್ನ ಹತ್ತಿರ ಎಲ್ಲರೂ ಖುಷಿಯಿಂದ ನಿಧಾನ ಮಾಡಿ, ಬಿಡಿಸಿ ಹೇಳಿದ್ದಾರೆ. ಮುಂದೆ ಸರ್ಟಿಫಿಕೇಟ್ ಬೇಕು ಅನಿಸಿದರೆ ಥೆಸಲೊನೀಕಿಯ ಗ್ರೀಕ್ ಭಾಷಾ ಕೇಂದ್ರದ ಪರೀಕ್ಷೆ ಇದೆ, ಎ1 ಅನ್ನುವ ಶುರುವಿನ ಮಟ್ಟದಿಂದ ಸಿ2 ಅನ್ನುವ ಎಲ್ಲಕ್ಕಿಂತ ಮೇಲಿನ ಮಟ್ಟದ ತನಕ. ಸಂತೆಯಲ್ಲಿ ಬೆಲೆ ಕೇಳಿ, ಉತ್ತರ ಅರ್ಥವಾಗಿ, ಚಿಲ್ಲರೆ ಎಣಿಸಿಕೊಳ್ಳಲು ಬಂದ ಮೇಲೆ ಎ1ಕ್ಕೆ ಓದಲು ಕೂತರೆ ಸಾಕು.